ಅಗ್ರಿಮೆಂಟಿನ ದಿನಾಂಕ ಮತ್ತು ರಿಮೈಂಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಕುಳಿತು ಘಟ್ಟದ ಕೆಳಗಿನ, ಮೇಲಿನ ಸಣ್ಣ ಕಚೇರಿಗಳಿಗೆ ಒಪ್ಪಂದ ನಿರ್ವಹಣೆಯ ಸಾಫ್ಟ್‌ವೇರ್ ಹೊಂದಿಸಿಕೊಡುವುದು ನಮ್ಮ ಕೆಲಸ. ಬೈತಖೋಲದ ಐಸ್ ಪ್ಲಾಂಟಿನವರು, ಗೋಕರ್ಣದ ಹೋಂಸ್ಟೇಯವರು, ಶಿರಸಿಯ ಅಡಿಕೆ ವಖಾರಿಯವರು, ಯಾರೇ ಇರಲಿ, ಫೋನು ಬರುವುದು ಹೆಚ್ಚಾಗಿ ದಿನಾಂಕದ ವಿಷಯಕ್ಕೇ. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಬಟನ್ನಿನ ಹೆಸರು ಬೇರೆ ಇರಬಹುದು. ಒಳಗಿನ ಲೆಕ್ಕ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ಒಪ್ಪಂದ ಮುಗಿಯುವ ದಿನ ಹೇಗೂ ಹಾಕಿದ್ದೇನೆ. ಮತ್ತೆ ಕಸ್ಟಮ್ ದಿನಾಂಕ ಯಾಕೆ?

ಮುಗಿಯುವ ದಿನ ಬಂದಾಗ ಮಾಡಲು ಏನೂ ಉಳಿದಿರುವುದಿಲ್ಲ, ಅದಕ್ಕೆ.

ನನ್ನದೇ ಕಥೆ ಕೇಳಿ. ಈ ಕೆಲಸಕ್ಕೆ ಬರುವ ಮೊದಲು ಒಂದು ಸಾಗಾಟದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಬಾಡಿಗೆಗೆ ತಂದ ಜೆರಾಕ್ಸ್ ಮಷೀನು ಒಂದಿತ್ತು. ವಾರಕ್ಕೆ ಮೂರು ದಿನ ಕಾಗದ ಸಿಕ್ಕಿಕೊಳ್ಳುತ್ತಿತ್ತು. ವಾಯಿದೆ ಮುಗಿದ ದಿನ ವಾಪಸ್ ಕೊಟ್ಟುಬಿಡೋಣ ಎಂದು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯುತ್ತಿದ್ದೆ. ಆ ದಿನ ಫೋನು ಮಾಡಿದರೆ, "60 ದಿನ ಮೊದಲು ಬರೆದು ಕೊಡಬೇಕಿತ್ತು ಸರ್, ಈಗ ತಾನಾಗಿ ಒಂದು ವರ್ಷ ಮುಂದುವರಿದಿದೆ" ಎಂದರು. ಆರನೇ ಪುಟದಲ್ಲಿ ಹಾಗೆಯೇ ಇತ್ತು. ಇನ್ನೊಂದು ವರ್ಷ ಕಾಗದ ಎಳೆಯುತ್ತ ಕುಳಿತೆ.

ಅಲ್ಲಿ ಬೇಕಿದ್ದದ್ದು ಮುಗಿಯುವ ದಿನ ಅಲ್ಲ, "ಬೇಡ" ಎಂದು ಹೇಳಬಹುದಾದ ಕೊನೆಯ ದಿನ. ಸಾಫ್ಟ್‌ವೇರ್ ಖರೀದಿಸಿದಾಗ ಸಹಿ, ಶುರು, ಮುಗಿಯುವ ದಿನ ಇಷ್ಟೇ ಸಿದ್ಧವಾಗಿ ಬರುತ್ತವೆ. ಉಳಿದದ್ದನ್ನು ನೀವೇ ಸೇರಿಸಬೇಕು: ನೋಟಿಸು ತಲುಪಬೇಕಾದ ದಿನ, ಬಾಡಿಗೆ ಏರಿಸುವ ದಿನ, ಡೆಪಾಸಿಟ್ ವಾಪಸ್ ಕೇಳುವ ದಿನ, ವಿಮೆಯ ಕಾಗದ ತರಿಸಿಕೊಳ್ಳುವ ದಿನ. ಇವೇ ಕಸ್ಟಮ್ ದಿನಾಂಕಗಳು.

ಸೇರಿಸುವುದು ಹೇಗೆ?

ಸೆಟ್ಟಿಂಗ್ಸ್‌ನಲ್ಲಿ ಫೀಲ್ಡ್‌ಗಳ ಪಟ್ಟಿಗೆ ಹೋಗಿ ಹೊಸದೊಂದು ಫೀಲ್ಡ್ (ಮಾಹಿತಿ ತುಂಬುವ ಖಾನೆ) ಮಾಡಿ. ಬಗೆ ಕೇಳಿದಾಗ "ದಿನಾಂಕ" ಎಂದೇ ಆರಿಸಿ. ಅವಸರದಲ್ಲಿ "ಪಠ್ಯ" ಎಂದು ಆರಿಸಿದರೆ ನೋಡಲು ದಿನಾಂಕದ ಹಾಗೇ ಕಾಣುತ್ತದೆ, ಆದರೆ ರಿಮೈಂಡರ್ ಯಾವತ್ತೂ ಬರುವುದಿಲ್ಲ. ಇಂಥ ಫೋನು ತಿಂಗಳಿಗೆ ಒಂದಾದರೂ ಬರುತ್ತದೆ.

ಹೆಸರು ಬಿಡಿಸಿ ಇಡಿ. "ದಿನಾಂಕ 2" ಎಂದು ಇಟ್ಟರೆ ಆರು ತಿಂಗಳ ಮೇಲೆ ನಿಮಗೇ ಅರ್ಥವಾಗುವುದಿಲ್ಲ. "ನೋಟಿಸು ಅವರ ಕೈಸೇರಬೇಕಾದ ಕೊನೆ ದಿನ" ಎಂದು ಉದ್ದವಾದರೂ ಪರವಾಗಿಲ್ಲ. ಆಮೇಲೆ ಅದು ಯಾವ ಬಗೆಯ ಒಪ್ಪಂದಕ್ಕೆ ಬೇಕು ಎಂದು ಆರಿಸಿ. ಅಂಗಡಿ ಬಾಡಿಗೆಗೆ ಬೇಕಾದ ಫೀಲ್ಡು ಅಡಿಕೆ ಫಸಲು ಗುತ್ತಿಗೆಯ ಪುಟದಲ್ಲಿ ಸುಮ್ನೆ ಖಾಲಿ ಕುಳಿತಿರಬಾರದು.

ದಿನಾಂಕವನ್ನು ನಾನೇ ತುಂಬಬೇಕಾ, ಸಾಫ್ಟ್‌ವೇರ್ ಲೆಕ್ಕ ಹಾಕುತ್ತದಾ?

ಎರಡೂ ಆಗುತ್ತದೆ. ಆದರೆ ಲೆಕ್ಕ ಹಾಕಿಸಿದರೂ ಒಮ್ಮೆ ಬೆರಳೆಣಿಸಿ ನೋಡಿ. ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ.

ಒಂದು ಗೋದಾಮಿನ ಬಾಡಿಗೆ ಕರಾರು. ಶುರು 2024ರ ಜೂನ್ 1, ಮುದ್ದತು 3 ವರ್ಷ. ಮುಗಿಯುವುದು 2027ರ ಮೇ 31, ಜೂನ್ 1 ಅಲ್ಲ. ಮೊದಲ ತಪ್ಪು ಇಲ್ಲೇ ಆಗುತ್ತದೆ. ಬಿಡುವುದಾದರೆ "90 ದಿನ ಮೊದಲು" ನೋಟಿಸು ಎಂದಿದೆ. ಮೇ 31ರಿಂದ ಹಿಂದಕ್ಕೆ 90 ದಿನ ಎಣಿಸಿದರೆ 2027ರ ಮಾರ್ಚ್ 2, ಮಂಗಳವಾರ.

ಅದೇ ಕಾಗದದಲ್ಲಿ "3 ತಿಂಗಳು ಮೊದಲು" ಎಂದಿದ್ದರೆ? ಫೆಬ್ರುವರಿಗೆ 31 ಇಲ್ಲ. ಹಾಗಾಗಿ ಫೆಬ್ರುವರಿ 28. ಅವತ್ತು ಭಾನುವಾರ, ಅಂಚೆ ಕಚೇರಿಗೆ ಬೀಗ. ಅಂದರೆ 27ರೊಳಗೇ ಕೆಲಸ ಮುಗಿಯಬೇಕು. ಇನ್ನೊಂದು ಪೇಚಿದೆ. ಕೆಲವು ಪ್ರೋಗ್ರಾಮುಗಳು "ಫೆಬ್ರುವರಿ 31" ಎಂದು ಲೆಕ್ಕ ಹಾಕಿ, ಜಾಸ್ತಿಯಾದ ದಿನಗಳನ್ನು ಮುಂದಿನ ತಿಂಗಳಿಗೆ ಉರುಳಿಸಿ ಮಾರ್ಚ್ 3 ಎಂದು ತೋರಿಸುತ್ತವೆ. ನೀವು ಅದನ್ನೇ ನಂಬಿದರೆ ಮೂರು ದಿನ ತಡ. 90 ದಿನ ಮತ್ತು 3 ತಿಂಗಳು ಒಂದೇ ಅಂತ ಮಾತಿನಲ್ಲಿ ಹೇಳುತ್ತೇವೆ, ಅಲ್ವಾ? ಕರಾರಿನಲ್ಲಿ ಅವೆರಡೂ ಬೇರೆ ಬೇರೆ. ಕಾಗದದಲ್ಲಿ ದಿನ ಎಂದಿದ್ದರೆ ದಿನ ಆರಿಸಿ, ತಿಂಗಳು ಎಂದಿದ್ದರೆ ತಿಂಗಳು ಆರಿಸಿ.

ಮೊದಲ ಸಲ ಹೊಂದಿಸುವಾಗ ಮೇ 31, ಆಗಸ್ಟ್ 31, ಫೆಬ್ರುವರಿ 29 ಇಂಥ ಮೂರು ದಿನಾಂಕ ಕೊಟ್ಟು ನಿಮ್ಮ ಸಾಫ್ಟ್‌ವೇರ್ ಏನು ಹೇಳುತ್ತದೆ ನೋಡಿ. ಐದು ನಿಮಿಷದ ಕೆಲಸ.

ಸಹಿ ಒಂದು ದಿನ, ಶುರು ಒಂದು ದಿನ, ನೋಂದಣಿ ಇನ್ನೊಂದು ದಿನ. ಯಾವುದರಿಂದ ಎಣಿಸಬೇಕು?

ಕರಾರಿನಲ್ಲಿ ಯಾವುದನ್ನು ಶುರು ಎಂದು ಬರೆದಿದೆಯೋ ಅದರಿಂದ. ನೋಂದಣಿಯ ದಿನದಿಂದ ಎಣಿಸುವವರೇ ಜಾಸ್ತಿ, ಏಕೆಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಸೀಲು ಎದ್ದು ಕಾಣುತ್ತದೆ. ಆದರೆ 1908ರ ನೋಂದಣಿ ಕಾಯ್ದೆಯ 47ನೇ ಕಲಂ ಪ್ರಕಾರ, ನೋಂದಣಿಯಾದ ದಸ್ತಾವೇಜು ನೋಂದಣಿಯೇ ಬೇಕಿಲ್ಲದಿದ್ದರೆ ಯಾವಾಗಿನಿಂದ ಜಾರಿಗೆ ಬರುತ್ತಿತ್ತೋ ಆವಾಗಿನಿಂದಲೇ ಜಾರಿ. ಸೀಲು ಬಿದ್ದ ದಿನದಿಂದ ಅಲ್ಲ.

ಇಲ್ಲೇ ಇನ್ನೊಂದು ಕಸ್ಟಮ್ ದಿನಾಂಕ ಹುಟ್ಟುತ್ತದೆ. ಸಹಿಯಾದ ದಿನದಿಂದ 4 ತಿಂಗಳೊಳಗೆ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರಿಗೆಲ್ಲ ಈ ದಿನಾಂಕವನ್ನು ಕಡ್ಡಾಯ ಮಾಡಿ ಇಡುವುದು ಒಳ್ಳೆಯದು.

ನಮ್ಮ ಅಂಗಡಿ ಬಾಡಿಗೆ 11 ತಿಂಗಳದ್ದು. "ಪ್ರತಿ ವರ್ಷ" ಎಂದು ರಿಮೈಂಡರ್ ಹಾಕಿದರೆ ಆಯಿತಲ್ಲ?

ಆಗಲಿಲ್ಲ. ವರ್ಷ ದಾಟಿದರೆ ನೋಂದಣಿ ಬೇಕು ಎಂಬ ಕಾರಣಕ್ಕೇ 11 ತಿಂಗಳು ಮಾಡಿಕೊಳ್ಳುವುದು. ಹಾಗಾಗಿ ಮುಗಿಯುವ ದಿನ ಪ್ರತಿ ಸಲ ಒಂದು ತಿಂಗಳು ಹಿಂದೆ ಸರಿಯುತ್ತದೆ. 2026ರ ಜೂನ್ 1ಕ್ಕೆ ಶುರುವಾದದ್ದು 2027ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮುಂದಿನದು 2028ರ ಮಾರ್ಚ್ 31ಕ್ಕೆ. ಪುನರಾವರ್ತನೆಯನ್ನು 11 ತಿಂಗಳು ಎಂದೇ ಕೊಡಿ. ಅದಕ್ಕಿಂತ ಒಳ್ಳೆಯದು, ಪ್ರತಿ ಹೊಸ ಕಾಗದಕ್ಕೆ ಹೊಸ ದಾಖಲೆ ಮಾಡಿ.

ಮೀನುಗಾರಿಕೆ ನಿಂತಾಗ ಐಸ್ ಪೂರೈಕೆಯೂ ನಿಲ್ಲುತ್ತದೆ. ತಿಂಗಳ ರಿಮೈಂಡರ್‌ನಲ್ಲಿ ಎರಡು ತಿಂಗಳು ಬಿಡುವುದು ಹೇಗೆ?

ನಮ್ಮ ಕರಾವಳಿಗೇ ಸೇರಿದ ಪ್ರಶ್ನೆ ಇದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಮಾಡಿದ ಸಾಫ್ಟ್‌ವೇರಿಗೆ ಇದು ಗೊತ್ತಿಲ್ಲ. ನಡುವೆ ತಿಂಗಳು ಬಿಡುವ ಸೌಲಭ್ಯ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಸುಲಭದ ಉಪಾಯ: ಪುನರಾವರ್ತನೆಯನ್ನು "ಕೊನೆಯಿಲ್ಲದೆ" ಎಂದು ಕೊಡಬೇಡಿ. ಆಗಸ್ಟ್ 1ರಿಂದ 10 ಸಲ ಎಂದು ಕೊಡಿ. ಮೇ ತಿಂಗಳಿಗೆ ತಾನಾಗಿ ನಿಲ್ಲುತ್ತದೆ. ನಿಷೇಧದ ಆದೇಶ ಪ್ರತಿ ವರ್ಷ ಹೊರಬೀಳುತ್ತದೆ, ಅದನ್ನು ನೋಡಿಕೊಂಡು ಮುಂದಿನ ಹಂಗಾಮಿಗೆ ಮತ್ತೆ ಚಾಲೂ ಮಾಡಿ.

ಬೋಟಿನ ಇಂಜಿನ್ ದುರಸ್ತಿ ಕರಾರು ಇದ್ದವರಿಗೆ ಒಂದು ಮಾತು. ಎಲ್ಲರ ಬೋಟೂ ದಡದಲ್ಲಿರುವುದು ಅದೇ ಎರಡು ತಿಂಗಳು. ರಿಮೈಂಡರ್ ಜೂನ್‌ನಲ್ಲಿ ಬಂದರೆ ಮೆಕ್ಯಾನಿಕ್ ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ಬರುವಂತೆ ಇಡಿ. ಜನರೇಟರಿನ ವಾರ್ಷಿಕ ನಿರ್ವಹಣೆಗೂ ಇದೇ ಮಾತು. ಮೊದಲ ಮಳೆಗೆ ಕರೆಂಟು ಹೋದ ಮೇಲೆ ನೆನಪಾದರೆ ಏನು ಬಂತು?

ದಿನಾಂಕವೇ ಗೊತ್ತಿಲ್ಲ. "ಮೊದಲ ಕೊಯ್ಲಾದ 8 ದಿನಕ್ಕೆ ಎರಡನೇ ಕಂತು" ಎಂದಿದೆ. ಏನು ಹಾಕಲಿ?

ಶಿರಸಿ, ಸಿದ್ದಾಪುರ ಕಡೆಯ ಫಸಲು ಗುತ್ತಿಗೆಯಲ್ಲಿ ಇದು ಮಾಮೂಲು. ಕೊಯ್ಲು ಯಾವಾಗ ಎಂಬುದು ಕಾಯಿ ಬಲಿತದ್ದನ್ನು ನೋಡಿ, ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸುವವನು) ಸಿಗುವುದನ್ನು ನೋಡಿ ಆಗುವ ತೀರ್ಮಾನ. ಕ್ಯಾಲೆಂಡರ್ ನೋಡಿ ಅಲ್ಲ.

ಅಂದಾಜಿನ ಒಂದು ದಿನಾಂಕ ಹಾಕಿಬಿಡುವವರಿದ್ದಾರೆ. ಬೇಡ. ಅಂದಾಜು ಎಂಬುದು ನಿಮ್ಮ ತಲೆಯಲ್ಲಿರುತ್ತದೆ, ಪರದೆಯ ಮೇಲೆ ಅದು ನಿಜದ ವಾಯಿದೆಯ ಹಾಗೇ ಕಾಣುತ್ತದೆ. ಎರಡು ಫೀಲ್ಡ್ ಮಾಡಿ. ಒಂದು, "ಮೊದಲ ಕೊಯ್ಲಾದ ದಿನ". ಇದು ಖಾಲಿ ಇರಲಿ. ಎರಡನೆಯದು, "ಎರಡನೇ ಕಂತಿನ ವಾಯಿದೆ". ಇದು ಮೊದಲನೆಯದಕ್ಕೆ 8 ದಿನ ಸೇರಿಸಿ ತಾನೇ ತುಂಬಿಕೊಳ್ಳಲಿ. ಜೊತೆಗೆ ಹಂಗಾಮಿನ ಹೊತ್ತಿಗೆ ವಾರಕ್ಕೊಮ್ಮೆ "ಕೊಯ್ಲು ಆಯಿತಾ ಎಂದು ತೋಟಕ್ಕೆ ಫೋನು ಮಾಡಿ" ಎಂಬ ರಿಮೈಂಡರ್ ಇಡಿ. ಆಯಿತು ಎಂದ ದಿನ ಖಾಲಿ ಜಾಗ ತುಂಬಿ. ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ.

ಶಿರಸಿಯ ಮಾರಿಕಾಂಬಾ ಜಾತ್ರೆಗೆ ಮಳಿಗೆ, ಸಾಮಾನು ಪೂರೈಸುವವರಿಗೂ ಇದೇ ದಾರಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ನಿಜ. ಹಾಗಂತ "24 ತಿಂಗಳಿಗೊಮ್ಮೆ" ಎಂದು ಕೊಟ್ಟರೆ ದಿನ ಕೂಡಿಬರುವುದಿಲ್ಲ. ಅದು ಮುಹೂರ್ತ ನೋಡಿ ನಿಗದಿಯಾಗುವಂಥದ್ದು. ದಿನ ಗೊತ್ತಾದ ಮೇಲೆಯೇ ತುಂಬಿ.

ಎಷ್ಟು ದಿನ ಮೊದಲು ರಿಮೈಂಡರ್ ಬರಬೇಕು? 90, 60, 30 ಸಾಕಾ?

ಆ ಮೂರು ಸಂಖ್ಯೆ ಸಾಫ್ಟ್‌ವೇರಿನವರು ತುಂಬಿಟ್ಟದ್ದು, ನಿಮ್ಮ ಕೆಲಸ ನೋಡಿ ಹಾಕಿದ್ದಲ್ಲ. ಕೆಲಸಕ್ಕೆ ಎಷ್ಟು ದಿನ ಬೇಕು ಎಂದು ಹಿಂದಿನಿಂದ ಎಣಿಸಿ. ಮೇಲಿನ ಗೋದಾಮನ್ನೇ ತೆಗೆದುಕೊಳ್ಳಿ. ನೋಟಿಸು ಮಾರ್ಚ್ 2ಕ್ಕೆ ಅವರ ಕೈಸೇರಬೇಕು. ಅಂಚೆಗೆ ಒಂದು ವಾರ ಬಿಡಿ. ವಕೀಲರಿಂದ ಬರೆಸಲು ಒಂದು ವಾರ. ಬಿಡುವುದೋ ಇಟ್ಟುಕೊಳ್ಳುವುದೋ ಎಂದು ಅಣ್ಣತಮ್ಮಂದಿರು ಕೂತು ಮಾತಾಡಲು ಎರಡು ವಾರ (ಎರಡು ವಾರದಲ್ಲಿ ಮುಗಿದರೆ ಪುಣ್ಯ). ಬೇರೆ ಗೋದಾಮು ಹುಡುಕಲು ಒಂದೂವರೆ ತಿಂಗಳು. ಒಟ್ಟು ಎರಡೂವರೆ ತಿಂಗಳಾಯಿತು. ಅಂದರೆ ಮೊದಲ ರಿಮೈಂಡರ್ ಡಿಸೆಂಬರ್ ಮಧ್ಯದಲ್ಲಿ ಬರಬೇಕು. ಮೇ 31ರಿಂದ 90 ದಿನ ಮೊದಲು ಬಂದರೆ ಅದು ಮಾರ್ಚ್ 2ರಂದೇ ಬರುತ್ತದೆ, ಅವತ್ತೇ ಕೊನೆ ದಿನ!

ಹಾಗಾಗಿ ರಿಮೈಂಡರನ್ನು ಮುಗಿಯುವ ದಿನಕ್ಕೆ ಕಟ್ಟಬೇಡಿ, ನೋಟಿಸಿನ ದಿನಕ್ಕೆ ಕಟ್ಟಿ.

ಕೊನೆ ದಿನ ಮಳೆಗಾಲದಲ್ಲಿ ಬಿದ್ದರೆ ಇನ್ನೂ ಒಂದು ವಾರ ಸೇರಿಸಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಅಲ್ಲಿ ಜೀವ ಕಳೆದುಕೊಂಡವರ ಮುಂದೆ ನಮ್ಮ ಕಾಗದಪತ್ರ ಯಾವ ಲೆಕ್ಕ. ಆದರೂ ಜುಲೈ ತಿಂಗಳಲ್ಲಿ "ನಾಳೆ ಕುಮಟಾಕ್ಕೆ ಹೋಗಿ ಕೈಯಲ್ಲೇ ಕೊಟ್ಟು ಬರುತ್ತೇನೆ" ಎನ್ನುವ ಧೈರ್ಯ ನಾನು ಅಂದಿನಿಂದ ಮಾಡುವುದಿಲ್ಲ.

ರಿಮೈಂಡರ್ ಯಾರಿಗೆ ಹೋಗಬೇಕು?

ಕೆಲಸ ಮಾಡಬಲ್ಲವರಿಗೆ. ಮಾಲೀಕರಿಗೆ ಒಬ್ಬರಿಗೇ ಕಳಿಸಿದರೆ ಅವರು ಓದುವುದಿಲ್ಲ. ಗುಮಾಸ್ತರಿಗೆ ಒಬ್ಬರಿಗೇ ಕಳಿಸಿದರೆ ಅವರು ಓದುತ್ತಾರೆ, ಸಹಿ ಹಾಕುವ ಅಧಿಕಾರ ಇರುವುದಿಲ್ಲ. ಮೊದಲನೆಯದು ಗುಮಾಸ್ತರಿಗೆ, ಹತ್ತು ದಿನದಲ್ಲಿ "ಆಯಿತು" ಎಂದು ಗುರುತು ಬೀಳದಿದ್ದರೆ ಎರಡನೆಯದು ಮಾಲೀಕರಿಗೂ. ಹೀಗೆ ಏರಿಕೆಯ ಕ್ರಮದಲ್ಲಿ ಇಡಿ.

ವ್ಯಕ್ತಿಯ ಹೆಸರಿಗಿಂತ ಹುದ್ದೆಗೆ ಕಟ್ಟುವುದು ವಾಸಿ. ಇಲ್ಲಿಯ ಹುಡುಗರು ಒಳ್ಳೆ ಸಂಬಳ ಸಿಕ್ಕಿದರೆ ಗೋವಾಕ್ಕೆ ಹೋಗುತ್ತಾರೆ. ಅವರ ಹಳೆಯ ಇಮೇಲಿಗೆ ನಿಮ್ಮ ರಿಮೈಂಡರು ವರ್ಷಗಟ್ಟಲೆ ಹೋಗುತ್ತಲೇ ಇರುತ್ತದೆ, ಯಾರೂ ಕೇಳುವವರಿರುವುದಿಲ್ಲ. ಕಚೇರಿಗೆ ಒಂದು ಸಾಮಾನ್ಯ ಇಮೇಲ್ ಮಾಡಿ, ಅದಕ್ಕೊಂದು ಪ್ರತಿ ಕಡ್ಡಾಯವಾಗಿ ಬರಲಿ.

ರಿಮೈಂಡರಿನಲ್ಲಿ ಏನು ಬರೆಯಬೇಕು?

"ಒಪ್ಪಂದ ಸಂಖ್ಯೆ 47ರ ಅವಧಿ ಸಮೀಪಿಸುತ್ತಿದೆ" ಎಂಬ ಸಿದ್ಧ ವಾಕ್ಯ ಓದಿ ಯಾರೂ ಎದ್ದು ಕೂರುವುದಿಲ್ಲ. ಹೀಗೆ ಬರೆದು ನೋಡಿ: "ಬಂದರು ರಸ್ತೆ ಗೋದಾಮು. ಬಿಡುವುದಾದರೆ ಮಾರ್ಚ್ 2ರೊಳಗೆ ನೋಟಿಸು ತಲುಪಬೇಕು. ಸುಮ್ಮನಿದ್ದರೆ 3 ವರ್ಷ ತಾನಾಗಿ ಮುಂದುವರಿಯುತ್ತದೆ, ಬಾಡಿಗೆ ಶೇಕಡಾ 10 ಜಾಸ್ತಿ. ಪುಟ 4, ಕಲಂ 11. ಡೆಪಾಸಿಟ್ ರಸೀದಿ ಹಸಿರು ಫೈಲಿನಲ್ಲಿದೆ." ಸುಮ್ಮನಿದ್ದರೆ ಏನಾಗುತ್ತದೆ ಎಂಬ ವಾಕ್ಯ ಇರಲೇಬೇಕು. ಜನ ಎದ್ದು ಕೂರುವುದು ಅದಕ್ಕೇ.

ಬ್ಯಾಂಕ್ ಗ್ಯಾರಂಟಿಗೆ ಯಾವ ದಿನಾಂಕ?

ನೌಕಾನೆಲೆ, ಬಂದರು, ರಸ್ತೆ ಕೆಲಸದ ಗುತ್ತಿಗೆದಾರರು ಇದನ್ನು ಕೇಳುತ್ತಾರೆ. ಕನಿಷ್ಠ ಮೂರು ಬೇಕು. ಗ್ಯಾರಂಟಿಯ ಅವಧಿ ಮುಗಿಯುವ ದಿನ, ಅದರ ಮೇಲೆ ಕ್ಲೇಮು ಹಾಕಲು ಇರುವ ಕೊನೆ ದಿನ, ಮತ್ತು ದೋಷ ಸರಿಪಡಿಸುವ ಹೊಣೆ ಮುಗಿಯುವ ದಿನ. ಮೊದಲೆರಡು ಒಂದೇ ಎಂದುಕೊಳ್ಳಬೇಡಿ. ಕೆಲಸಕ್ಕೆ ಗಡುವು ವಿಸ್ತರಣೆ ಸಿಕ್ಕಿದರೆ ಗ್ಯಾರಂಟಿಯನ್ನೂ ವಿಸ್ತರಿಸಬೇಕು. ಇಲ್ಲದಿದ್ದರೆ ಅವಧಿ ಮುಗಿಯುವ ಮೊದಲು ಕೆಲಸ ಕೊಟ್ಟವರು ಹಣ ಕೇಳಿ ಬ್ಯಾಂಕಿಗೆ ಬರೆಯಬಹುದು.

ಮರೆತುಹೋಗುವ ನಾಲ್ಕನೆಯದೊಂದಿದೆ: ಮೂಲ ಗ್ಯಾರಂಟಿ ವಾಪಸ್ ತಂದು, ಬ್ಯಾಂಕಿನಲ್ಲಿಟ್ಟ ಎಫ್‌ಡಿ ಬಿಡಿಸಿಕೊಳ್ಳುವ ದಿನ. ಅದು ನಿಮ್ಮದೇ ಹಣ.

ಹಣ ಪಾವತಿಯ ದಿನಕ್ಕೂ ಬಳಸಬಹುದಾ?

ಧಾರಾಳವಾಗಿ. ಸರಕು ಕೊಟ್ಟವರು ಮೈಕ್ರೋ ಅಥವಾ ಸಣ್ಣ ಉದ್ಯಮ ಎಂದು ನೋಂದಾಯಿಸಿಕೊಂಡಿದ್ದರೆ ವಿಶೇಷವಾಗಿ. 2006ರ ಎಂಎಸ್‌ಎಂಇ (ಮೈಕ್ರೋ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ಬರಹದಲ್ಲಿ ಕರಾರಿದ್ದರೂ ಸರಕು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಕರಾರು ಇಲ್ಲದಿದ್ದರೆ 15 ದಿನ. ಎಣಿಕೆ ಬಿಲ್ಲಿನ ತಾರೀಖಿನಿಂದ ಅಲ್ಲ, ಸರಕು ಒಪ್ಪಿಕೊಂಡ ದಿನದಿಂದ. ಅದಕ್ಕೊಂದು ಫೀಲ್ಡ್ ಮಾಡಿ.

ಎಕ್ಸೆಲ್‌ನಿಂದ ತಂದ ಮೇಲೆ ಅರ್ಧ ದಿನಾಂಕ ತಪ್ಪಾಗಿದೆ. ಯಾಕೆ?

05/06/2026 ಎಂದರೆ ನಮಗೆ ಜೂನ್ 5. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮೇ 6. ದಿನ 12 ದಾಟಿದರೆ ಅದಕ್ಕೆ ಅರ್ಥವಾಗದೆ ಪಠ್ಯವಾಗಿ ಉಳಿಯುತ್ತದೆ ಅಥವಾ ತಪ್ಪು ತೋರಿಸುತ್ತದೆ. 12ರೊಳಗಿದ್ದರೆ ಸದ್ದಿಲ್ಲದೆ ತಿರುಗಾಮುರುಗಾ ಆಗುತ್ತದೆ. ತಪ್ಪು ತೋರಿಸಿದ್ದನ್ನು ಮಾತ್ರ ತಿದ್ದಿ ಸುಮ್ಮನಾಗಬೇಡಿ. ಅಪಾಯ ಇರುವುದು ಸರಿಯಾಗಿ ಬಂದ ಹಾಗೆ ಕಾಣುವುದರಲ್ಲಿ. ಕಳಿಸುವ ಮೊದಲು ಇಡೀ ಕಾಲಂ ಅನ್ನು 2026-06-05 ಎಂಬ ರೂಪಕ್ಕೆ, ವರ್ಷ ಮೊದಲು ಬರುವಂತೆ, ಬದಲಿಸಿಕೊಳ್ಳಿ.

ಹಾಂ, ಫೈಲು ಹತ್ತಿಸುವ ಮೊದಲು ರಿಮೈಂಡರ್ ಬಂದ್ ಮಾಡಿಡಿ. ಹಳೆಯ ವಾಯಿದೆಗಳಿಗೆಲ್ಲ ಒಮ್ಮೆಲೇ ಇಮೇಲ್ ಹೊರಟು ಮಾಲೀಕರ ಫೋನು ಅರ್ಧ ತಾಸು ಕಿಣಿಕಿಣಿ ಎಂದದ್ದನ್ನು ನೋಡಿದ್ದೇನೆ.

ನಾನು ಹಾಕಿದ್ದಕ್ಕಿಂತ ಒಂದು ದಿನ ಹಿಂದೆ ತೋರಿಸುತ್ತಿದೆ.

ಸಮಯ ವಲಯದ ತೊಂದರೆ. ನಮ್ಮ ಮಧ್ಯರಾತ್ರಿ 12 ಗಂಟೆ ಎಂದರೆ ಯುಟಿಸಿ (ಜಗತ್ತಿನ ಪ್ರಮಾಣ ಸಮಯ) ಲೆಕ್ಕದಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಖಾತೆಯ ಸೆಟ್ಟಿಂಗಿನಲ್ಲೂ, ನಿಮ್ಮ ಸ್ವಂತ ಪ್ರೊಫೈಲಿನಲ್ಲೂ ಭಾರತದ ಸಮಯ ಆರಿಸಿ. ಎರಡರಲ್ಲೂ.

ರಜಾದಿನ ಬಂದರೆ?

ರಜೆಯ ಪಟ್ಟಿ ತುಂಬುವ ಸೌಲಭ್ಯ ಇದ್ದರೆ ತುಂಬಿ. ಬ್ಯಾಂಕಿನ ಕೆಲಸಕ್ಕೆ ಎರಡನೇ, ನಾಲ್ಕನೇ ಶನಿವಾರ ಸೇರಿಸಿ. ಕಾರವಾರದವರು ಮಡಗಾಂವ, ಪಣಜಿಯ ಕಂಪನಿಗಳ ಜೊತೆ ವ್ಯವಹಾರ ಮಾಡುವುದು ಜಾಸ್ತಿ. ಡಿಸೆಂಬರ್ 3 ಮತ್ತು 19 ಗೋವಾದಲ್ಲಿ ರಜೆ, ನಮ್ಮಲ್ಲಿ ಇಲ್ಲ. ನವೆಂಬರ್ 1 ನಮ್ಮಲ್ಲಿ ರಜೆ, ಅಲ್ಲಿ ಇಲ್ಲ. ಕೊನೆ ದಿನ ರಜೆಯಲ್ಲಿ ಬಿದ್ದರೆ ಸಾಫ್ಟ್‌ವೇರ್ ಅದನ್ನು ಹಿಂದಕ್ಕೆ ಸರಿಸುವಂತೆ ಆರಿಸಿ, ಮುಂದಕ್ಕೆ ಅಲ್ಲ.

ಕರಾರಿನ ಅವಧಿ ಹೆಚ್ಚಿಸಿದೆವು. ಹಳೆಯ ದಿನಾಂಕದ ಮೇಲೆಯೇ ಹೊಸದು ಬರೆಯಲಾ?

ಬೇಡ. ತಿದ್ದುಪಡಿ ಪತ್ರವನ್ನು ಬೇರೆಯಾಗಿ ಸೇರಿಸಿ, ಹೊಸ ದಿನಾಂಕ ಅದರಲ್ಲಿ ತುಂಬಿ. ಮೂಲ ದಿನಾಂಕ ದಾಖಲೆಯಲ್ಲಿ ಉಳಿಯಲಿ, ನಾಳೆ ತಕರಾರು ಬಂದರೆ ಬೇಕಾಗುತ್ತದೆ. ಲೆಕ್ಕ ಹಾಕಿಸಿದ ಫೀಲ್ಡುಗಳು ಹೊಸ ದಿನಾಂಕಕ್ಕೆ ಸರಿದವೋ ಇಲ್ಲವೋ ಕಣ್ಣಾರೆ ನೋಡಿ.

ರಿಮೈಂಡರ್ ಕರಾರಿನ ಎದುರು ಪಕ್ಷದವರ ಇಮೇಲಿಗೂ ಹೋಗಿದೆ. ನೋಟಿಸು ಕೊಟ್ಟ ಹಾಗಾಯಿತಾ?

ಇಲ್ಲ. ನೋಟಿಸು ಹೇಗೆ ಕೊಡಬೇಕು ಎಂದು ಕರಾರಿನಲ್ಲಿ ಬರೆದಿರುತ್ತದೆ. ಹಾಗೆಯೇ ಕೊಡಬೇಕು.

ಫೀಲ್ಡಿನ ಹೆಸರು ಕನ್ನಡದಲ್ಲಿ ಇಡಬಹುದಾ?

ಇಡಬಹುದು, ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ. ಹಳೆಯ "ನುಡಿ" ತಂತ್ರಾಂಶದ ಫೈಲುಗಳಿಂದ ನಕಲು ಮಾಡಿದರೆ ವಿಚಿತ್ರ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಕಬಾಟಿನಲ್ಲಿ ಇನ್ನೂರು ಫೈಲು ಇವೆ. ಎಲ್ಲಿಂದ ಶುರು ಮಾಡಲಿ?

ಎಲ್ಲವನ್ನೂ ಒಮ್ಮೆಲೇ ತುಂಬಲು ಹೋದವರು ನಲವತ್ತಕ್ಕೆ ಕೈಬಿಟ್ಟಿದ್ದಾರೆ. ಮೊದಲು ತಾನಾಗಿ ಮುಂದುವರಿಯುವ ಕರಾರುಗಳನ್ನು ಎತ್ತಿಡಿ. ಆಮೇಲೆ ನಿಮ್ಮ ಹಣ ಡೆಪಾಸಿಟ್ಟಾಗಿ ಕುಳಿತಿರುವವು. ಉಳಿದವು ಕಾಯಲಿ. ಒಂದೊಂದು ಫೈಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನಾನು ಬಾಯಿಬಿಡಬೇಕಾದ ಕೊನೆ ದಿನ ಯಾವುದು? ಅದನ್ನು ಪೆನ್ಸಿಲಿನಲ್ಲಿ ಫೈಲಿನ ಮೇಲೆಯೇ ಬರೆಯಿರಿ. ಕಂಪ್ಯೂಟರಿಗೆ ತುಂಬುವುದು ಸಂಜೆ ಆಗಬಹುದು.

ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕೇ ಇರುವುದಿಲ್ಲ. ಆಗೇನು?

ಮೇ ಕೊನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವಾಯಿದೆಗಳ ಪಟ್ಟಿಯನ್ನು ಪ್ರಿಂಟ್ ತೆಗೆದು, ಗೋಡೆಯ ಪಂಚಾಂಗದ ಪಕ್ಕ ಮೊಳೆಗೆ ಸಿಕ್ಕಿಸಿ. ಯಲ್ಲಾಪುರ ಕಡೆಯ ಒಬ್ಬ ಗಿರಾಕಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನೇತುಹಾಕಿದ್ದರು. ಆಗಸ್ಟ್‌ನಲ್ಲಿ ಹೋದಾಗ ಕವರಿನ ಮೇಲೆಲ್ಲ ಬೂಷ್ಟು, ಒಳಗಿನ ದಿನಾಂಕ ಮಾತ್ರ ಸ್ಪಷ್ಟ.